ಗಾಡಿ ಮಾತು: ಅರ್ಧ ಬೆಲೆಯ ಕಾರಿಗೆ ಪೂರ್ತಿ ಬೆಲೆಯ ಟೈರು

ಹೋದ ಸಂಚಿಕೆಯಲ್ಲಿ ಒಬ್ಬರು ಸ್ಪೋರ್ಟ್ಸ್ ಕಾರು ಹೊಸದು ತಗೊಳ್ಳಲೋ, ಸೆಕೆಂಡ್ ಹ್ಯಾಂಡ್ ತಗೊಳ್ಳಲೋ ಎಂದು ಕೇಳಿದ್ದರು. "ಸೆಕೆಂಡ್ ಹ್ಯಾಂಡೇ ತಗೊಳ್ಳಿ, ಆದರೆ ಹೊಸ ಗಾಡಿ ಸಾಕುವಷ್ಟು ದುಡ್ಡು ಕೈಲಿಟ್ಟುಕೊಂಡು ತಗೊಳ್ಳಿ" ಅಂತ ಎರಡು ಸಾಲು ಬರೆದು ಮುಗಿಸಿದ್ದೆ. ಅದೇ ಎಡವಟ್ಟಾಯಿತು. "ಬಿಡಿಸಿ ಹೇಳಿ ಸ್ವಾಮಿ" ಎಂದು ಬಂದ ಪತ್ರಗಳಿಗೆ ಸಂಪಾದಕರು ರಬ್ಬರ್ ಬ್ಯಾಂಡ್ ಹಾಕಿ ಕಳಿಸಿದ್ದಾರೆ. ಹಾಗಾಗಿ ಈ ಸಲ ಇಡೀ ಅಂಕಣ ಅದಕ್ಕೇ ಮೀಸಲು. ಹೊಸ ಓದುಗರಿಗೆ ಒಂದು ಮಾತು: ನಾನು ಮೆಕ್ಯಾನಿಕ್ ಅಲ್ಲ, ಡೀಲರೂ ಅಲ್ಲ. 31 ವರ್ಷ ವಾಹನ ವಿಮೆಯ ಸರ್ವೇಯರ್ ಆಗಿದ್ದವನು. ಗುದ್ದಿದ್ದು, ಮುಳುಗಿದ್ದು, ಸುಟ್ಟಿದ್ದು ನೋಡಿ ಬೆಲೆ ಬರೆಯುವುದು ನನ್ನ ಕಸುಬಾಗಿತ್ತು.

ವಯಸ್ಸು 36. ಸಾಫ್ಟ್‌ವೇರ್ ಕೆಲಸ, ಮನೆ ಸಾಲ ತೀರಿದೆ. ಎರಡು ಸೀಟಿನ, ಟಾಪ್ ತೆರೆಯುವ ಕಾರು ಚಿಕ್ಕಂದಿನ ಆಸೆ. ಹೊಸ ಬಿಎಂಡಬ್ಲ್ಯು ಝಡ್4 ತಗೊಳ್ಳುವಷ್ಟು ಕೂಡಿಟ್ಟಿದ್ದೇನೆ. ಅದಕ್ಕಿಂತ ಸಾಕಷ್ಟು ಕಡಿಮೆಗೆ 2019ರ ಪೋರ್ಷೆ 718 ಬಾಕ್ಸ್‌ಸ್ಟರ್ ಸಿಗುತ್ತಿದೆ. ಕೆಎ ನೋಂದಣಿ, 11,000 ಕಿಲೋಮೀಟರ್ ಮಾತ್ರ ಓಡಿದೆ. ಹೆಂಡತಿ "ಇನ್ನೊಬ್ಬರು ಓಡಿಸಿ ಬಿಟ್ಟ ಗಾಡಿಗೆ ಅಷ್ಟು ದುಡ್ಡಾ?" ಅಂತಾಳೆ. ಏನು ಮಾಡಲಿ ಸರ್?
— ಆರ್.ಕೆ., ಜೆ.ಪಿ. ನಗರ, ಬೆಂಗಳೂರು

ನಿಮ್ಮ ಮನೆಯವರ ಮಾತಿಗೆ ಆಮೇಲೆ ಬರುತ್ತೇನೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಮೊದಲು ಹೊಸ ಗಾಡಿಯ ಬಿಲ್ಲು ಬಿಡಿಸೋಣ.

ಝಡ್4 2023ರಲ್ಲಿ ಇಲ್ಲಿಗೆ ಬಂದಾಗ ಶೋರೂಂ ಬೆಲೆ 89.30 ಲಕ್ಷ. ಲೆಕ್ಕ ಸಲೀಸಾಗಲಿ, 90 ಅನ್ನಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಜಿಎಸ್‌ಟಿ 40%. ಅಂದರೆ ಆ 90 ಲಕ್ಷದ ಹೊಟ್ಟೆಯೊಳಗೇ 25 ಲಕ್ಷ 70 ಸಾವಿರ ತೆರಿಗೆ ಕೂತಿರುತ್ತದೆ. ಅದರ ಮೇಲೆ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ. 20 ಲಕ್ಷ ದಾಟಿದ ಕಾರಿಗೆ 18%, ಆ ತೆರಿಗೆಯ ಮೇಲೆ 11% ಸೆಸ್, ಎಲ್ಲ ಸೇರಿ ಹೆಚ್ಚುಕಡಿಮೆ 20%. ಅದು 18 ಲಕ್ಷವಾಯಿತು. 1% ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಬಿಡಿ. ವಿಮೆ ಬೇರೆ. ವಿಮೆ ಬಿಟ್ಟು ನೀವು ಕೊಡುವ 1 ಕೋಟಿ 8 ಲಕ್ಷದಲ್ಲಿ 43 ಲಕ್ಷ 70 ಸಾವಿರ ನೇರ ಸರ್ಕಾರಕ್ಕೆ. ಮಿಕ್ಕ 64 ಲಕ್ಷವೂ ಪೂರ್ತಿ ಕಾರಿನದ್ದಲ್ಲ. ಹೊರದೇಶದಲ್ಲೇ ತಯಾರಾಗಿ ಬರುವ ಇಂಥ ಗಾಡಿಗಳಿಗೆ ಬಿದ್ದ ಆಮದು ಸುಂಕವೂ ಅದರಲ್ಲೇ ಅಡಗಿದೆ.

ಈ ತೆರಿಗೆ ಮದುವೆ ಛತ್ರದ ಬಾಡಿಗೆ ಇದ್ದ ಹಾಗೆ. ಹಾರ ಬದಲಾಯಿಸಿಕೊಂಡು ಆಚೆ ಬಂದ ಮೇಲೆ ಯಾರೂ ವಾಪಸು ಕೊಡುವುದಿಲ್ಲ. ಶೋರೂಮಿನಿಂದ ಗಾಡಿ ರಸ್ತೆಗಿಳಿದ ಕೂಡಲೇ ಬೆಲೆ ದಬ್ಬೆಂದು ಬಿತ್ತು ಅಂತ ಜನ ಗೊಣಗುತ್ತಾರಲ್ಲ, ಬೀಳುವುದರಲ್ಲಿ ದೊಡ್ಡ ಪಾಲು ಇದೇ. ಎಂಜಿನ್ನು, ಗೇರ್‌ಬಾಕ್ಸು, ಸೀಟಿನ ಚರ್ಮ ಎಲ್ಲ ಹಾಗೇ ಇರುತ್ತವೆ. ನನ್ನ ಕಣ್ಣಳತೆ ಹೇಳುವುದಾದರೆ, ಈ ದರ್ಜೆಯ ಎರಡು ಸೀಟಿನ ಗಾಡಿಗಳು ಮೂರು ವರ್ಷಕ್ಕೆ ಆನ್‌ರೋಡ್ ಬೆಲೆಯ (ತೆರಿಗೆ, ವಿಮೆ ಎಲ್ಲ ಸೇರಿದ ಬೆಲೆ) ಮೂರನೇ ಒಂದು ಭಾಗ ಕಳೆದುಕೊಳ್ಳುತ್ತವೆ, ಕೆಲವು ಅರ್ಧದ ಹತ್ತಿರವೂ ಹೋಗುತ್ತವೆ. ಐದಾರು ವರ್ಷದ ಮೇಲೆ ಇಳಿತ ನಿಧಾನ. ನೀವು ನೋಡಿರುವ ಬಾಕ್ಸ್‌ಸ್ಟರ್ ಆ ಕಡಿದಾದ ಇಳಿಜಾರು ಇಳಿದು ಮುಗಿಸಿದೆ. ಅದರ ಜೀವಿತಾವಧಿ ತೆರಿಗೆಯನ್ನೂ ಮೊದಲ ಮಾಲೀಕರು ಕಟ್ಟಿದ್ದಾರೆ. ಗಾಡಿ ಇದೇ ರಾಜ್ಯದ್ದಾದ್ದರಿಂದ ನೀವು ಮತ್ತೆ ಕಟ್ಟುವಂತಿಲ್ಲ, ಹೆಸರು ವರ್ಗಾವಣೆಯ ಶುಲ್ಕ ಅಷ್ಟೇ.

ಇಷ್ಟು ಓದಿ ನೀವು ಆಗಲೇ ಬ್ರೋಕರಿಗೆ ಫೋನ್ ತಿರುಗಿಸುತ್ತಿದ್ದರೆ, ಕೆಳಗಿಡಿ. ಅರ್ಧ ಬೆಲೆಗೆ ಗಾಡಿ ಬರುತ್ತದೆ ನಿಜ. ಅದರ ಟೈರು ಅರ್ಧ ಬೆಲೆಗೆ ಬರುವುದಿಲ್ಲ. ಈ ಗಾಡಿಗಳಲ್ಲಿ ಮುಂದಿನ ಟೈರಿನ ಸೈಜೇ ಬೇರೆ, ಹಿಂದಿನದ್ದೇ ಬೇರೆ. ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಸವೆತ ಸರಿದೂಗಿಸುವ ನಮ್ಮ ಹಳೇ ಆಟ ನಡೆಯದು. ಹೆಚ್ಚಿನವುಗಳಲ್ಲಿ ಸ್ಟೆಪ್ನಿಯೂ ಇಲ್ಲ. ಪೋರ್ಷೆಗೆ ಕಂಪನಿ ಒಪ್ಪಿದ ಟೈರಿನ ಮೇಲೆ 'ಎನ್' ಅಕ್ಷರದ ಗುರುತಿರುತ್ತದೆ. ಹೋದ ವರ್ಷ ಪರಿಚಯದವರೊಬ್ಬರ ಗಾಡಿಗೆ ನಾಲ್ಕು ಟೈರು ಹಾಕಿಸಲು ಜೊತೆಗೆ ಹೋಗಿದ್ದೆ, ಬಿಲ್ಲು ಒಂದೂವರೆ ಲಕ್ಷದ ಹತ್ತಿರ. ಬ್ರೇಕ್ ಡಿಸ್ಕು, ಸಸ್ಪೆನ್ಷನ್ನು, ಹೆಡ್‌ಲೈಟು, ಎಲ್ಲದಕ್ಕೂ ಇದೇ ಕತೆ. ಗಾಡಿಗೆ ಆರು ವರ್ಷವಾಯಿತು ಅಂತ ಹೆಡ್‌ಲೈಟು ಮಾರುವವನು ರಿಯಾಯಿತಿ ಕೊಡುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. 2012ರಲ್ಲಿ, ಮಗಳ ಮದುವೆ ಮುಗಿದ ಖುಷಿಗೋ ಖಾಲಿಯಾದ ಮನೆಯ ಬೇಸರಕ್ಕೋ, ಏಳು ವರ್ಷ ಹಳೆಯದೊಂದು ಎರಡು ಸೀಟಿನ ಕಾರು ತಂದೆ. ಯಾವ ಕಂಪನಿಯದು ಎಂಬುದು ಬೇಡ. ಗುಂಡಿ ಒತ್ತಿದರೆ ಲೋಹದ ಚಾವಣಿ ಮಡಚಿಕೊಂಡು ಡಿಕ್ಕಿಯೊಳಗೆ ಕೂರುತ್ತಿತ್ತು. ಬೀದಿಯ ಮಕ್ಕಳೆಲ್ಲ ಅದನ್ನು ನೋಡಲು ಸಂಜೆ ಐದಕ್ಕೆ ಗೇಟಿನ ಬಳಿ ಹಾಜರ್. 14 ಲಕ್ಷ ಕೊಟ್ಟಿದ್ದೆ. ಸರ್ವೇಯರ್ ಅಲ್ಲವೇ, ಅಡಿಯಿಂದ ಮುಡಿಯವರೆಗೆ ನೋಡಿ ತಂದಿದ್ದೆ. ನೋಡದೆ ಬಿಟ್ಟದ್ದು ಒಂದೇ. ಚಾವಣಿಯ ಅಂಚಿನಲ್ಲಿ ಬಿದ್ದ ಮಳೆನೀರು ಹರಿದುಹೋಗಲು ಕಿರುಬೆರಳು ದಪ್ಪದ ರಬ್ಬರ್ ಕೊಳವೆಯೊಂದಿರುತ್ತದೆ, ಅದು.

ನಮ್ಮ ಮನೆ ಮುಂದೆ ಹೊಂಗೆ ಮರ. ಅದರ ಹೂವಿನ ಪಕಳೆ ಉದುರಿ ಉದುರಿ ಕೊಳವೆ ಕಟ್ಟಿಕೊಂಡಿತು. ಎರಡನೇ ಮಳೆಗಾಲದಲ್ಲಿ ನೀರು ಹೊರಗೆ ಹೋಗದೆ ಡಿಕ್ಕಿಗಿಳಿದು ಚಾವಣಿಯ ಹೈಡ್ರಾಲಿಕ್ ಪಂಪನ್ನು ಮುಳುಗಿಸಿತು. ಚಾವಣಿ ಅರ್ಧಕ್ಕೆ ತೆರೆದು, ಬಾಯಿ ಬಿಟ್ಟ ಮೊಸಳೆಯ ಹಾಗೆ ನಿಂತುಬಿಟ್ಟಿತು, ಅದೂ ಮಳೆಯಲ್ಲಿ. ಟಾರ್ಪಾಲಿನ್ ಹೊದಿಸಿ ಮೂರು ವಾರ ಇಟ್ಟುಕೊಂಡೆವು. ಸರ್ವಿಸ್ ಸೆಂಟರಿನವರು ಪಂಪು, ಸಿಲಿಂಡರುಗಳು ಎಲ್ಲ ಸೆಟ್ಟಾಗಿ ಬದಲಾಯಿಸಬೇಕು ಅಂತ 2 ಲಕ್ಷ 90 ಸಾವಿರದ ಅಂದಾಜು ಕೊಟ್ಟರು. ಗಾಡಿಯ ಬೆಲೆಯ ಐದನೇ ಒಂದು ಭಾಗ! ಕೊನೆಗೆ ಪೀಣ್ಯದಲ್ಲಿ ಜೆಸಿಬಿಗಳ ಹೈಡ್ರಾಲಿಕ್ ಸಿಲಿಂಡರಿಗೆ ಸೀಲ್ ಹಾಕುವವರೊಬ್ಬರು ಸಿಲಿಂಡರುಗಳನ್ನು ಬಿಚ್ಚಿ ಮೇಜಿನ ಮೇಲೆ ಸಾಲಾಗಿಟ್ಟು, "ಇದು ನಮ್ಮದರ ಮರಿ ಸಾರ್" ಅಂದರು. ಸೀಲಿಗೆ, ಕೂಲಿಗೆ 22 ಸಾವಿರ. ಪಂಪಿನ ಮೋಟಾರು ಜೆ.ಸಿ. ರಸ್ತೆಯಲ್ಲಿ ರಿವೈಂಡಿಂಗ್ ಮಾಡಿಸಿದೆ. ಅವತ್ತಿನಿಂದ ಪ್ರತಿ ಮೇ ತಿಂಗಳಲ್ಲಿ ಆ ಕೊಳವೆಗೆ ನೈಲಾನ್ ದಾರ ಹಾಕಿ ಎಳೆಯುವುದು ನಮ್ಮನೆ ವ್ರತವಾಯಿತು.

ಎಲ್ಲರಿಗೂ ಪೀಣ್ಯ ಸಿಗುವುದಿಲ್ಲ. ಅದಕ್ಕೇ ಹೇಳುತ್ತೇನೆ, ಬಾಕ್ಸ್‌ಸ್ಟರ್ ತಗೊಳ್ಳಿ, ಆದರೆ ಅದರ ಇವತ್ತಿನ ಬೆಲೆ ಮರೆತು, ಅಂಥದ್ದೇ ಹೊಸ ಗಾಡಿಯ ಬೆಲೆಯ ನೂರಕ್ಕೆ ಹತ್ತರಷ್ಟನ್ನು ಬೇರೆ ಖಾತೆಯಲ್ಲಿ ಹಾಕಿಡಿ. ಮೊದಲ ಎರಡು ವರ್ಷ ಆ ದುಡ್ಡು ಮುಟ್ಟದೆ ಉಳಿದರೆ ನಿಮ್ಮ ಪುಣ್ಯ. ಹಾಗೆ ತೆಗೆದಿಡಲು ಕೈಲಾಗದಿದ್ದರೆ ಅರ್ಧ ಬೆಲೆಯ ಗಾಡಿಯೂ ನಿಮಗೆ ದುಬಾರಿಯೇ.

ಇನ್ನು 11,000 ಕಿಲೋಮೀಟರು. ಜನ ಇದನ್ನು ಹೆಗ್ಗಳಿಕೆ ಅಂದುಕೊಳ್ಳುತ್ತಾರೆ, ನನಗೆ ಅನುಮಾನ. ಆರು ವರ್ಷಕ್ಕೆ ಅಷ್ಟೇ ಅಂದರೆ ಗಾಡಿ ಬಹುಪಾಲು ಬೇಸ್‌ಮೆಂಟಿನಲ್ಲಿ ನಿಂತಿದೆ. ನಿಂತ ಗಾಡಿಯಲ್ಲಿ ಬ್ಯಾಟರಿ ಸಾಯುತ್ತದೆ, ರಬ್ಬರ್ ಸೀಲು ಒಣಗುತ್ತದೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ ಟೈರು. ಗಾಡಿಯ ವಯಸ್ಸೇ ಟೈರಿನ ವಯಸ್ಸಾಗಿದ್ದರೆ, ಟೈರಿನ ಗೆರೆ ಎಷ್ಟೇ ಆಳವಿರಲಿ, ಟೈರಿನ ದುಡ್ಡು ಬೆಲೆಯಲ್ಲಿ ಇಳಿಸಿ ಕೇಳಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಿದೆಯೇ ಎಂದು ಸರ್ವಿಸ್ ದಾಖಲೆಯಲ್ಲಿ ನೋಡಿ. ಓಡಿಲ್ಲ, ಹಾಗಾಗಿ ಸರ್ವಿಸ್ ಮಾಡಿಸಿಲ್ಲ ಅನ್ನುವ ಮಾಲೀಕರಿಂದ ದೂರವಿರಿ. 25,000 ಓಡಿ ವರ್ಷ ವರ್ಷ ಬಿಲ್ಲು ಇಟ್ಟುಕೊಂಡವರ ಗಾಡಿಯೇ ನನಗೆ ಇಷ್ಟ.

ಮನೆಯವರ ಮಾತು. ನೀವು ಗಾಡಿಯನ್ನು ಹತ್ತು ಹನ್ನೆರಡು ವರ್ಷ ಇಟ್ಟುಕೊಳ್ಳುವವರಾದರೆ ಅವರು ಹೇಳುವುದೇ ಸರಿ, ಹೊಸದು ತನ್ನಿ. ಆಗ ಮೊದಲ ಮೂರು ವರ್ಷದ ಇಳಿತ ಹನ್ನೆರಡು ವರ್ಷಕ್ಕೆ ಹಂಚಿಹೋಗುತ್ತದೆ, ವಾರಂಟಿಯ ನೆಮ್ಮದಿಯೂ ಸಿಗುತ್ತದೆ. ಆದರೆ ನಿಮ್ಮ ಪತ್ರದ ಮೂರನೇ ಪುಟದಲ್ಲಿ ಹತ್ತು ವರ್ಷದಲ್ಲಿ ನಾಲ್ಕು ಕಾರು ಬದಲಿಸಿದ್ದನ್ನು ನೀವೇ ಬರೆದಿದ್ದೀರಿ.

ನೋಡಿದ ಗಾಡಿಯ ಪಾಲಿಸಿಯಲ್ಲಿ ಐಡಿವಿ 50 ಲಕ್ಷ ಎಂದಿದೆ, ಮಾಲೀಕರು 63 ಕೇಳುತ್ತಿದ್ದಾರೆ. ವಿಮಾ ಕಂಪನಿಯೇ 50 ಅಂದ ಮೇಲೆ 63 ಮೋಸವಲ್ಲವೇ?
— ಓದುಗರೊಬ್ಬರು, ಮಂಗಳೂರು

ಅಲ್ಲ. ಐಡಿವಿ ಅನ್ನುವುದು ಗಾಡಿ ಕಳುವಾದರೆ ವಿಮೆಯವರು ಕೊಡಲು ಒಪ್ಪಿದ ಮೊತ್ತ. ಅದು ಕೋಷ್ಟಕದ ಬೆಲೆ, ಸಂತೆಯ ಬೆಲೆಯಲ್ಲ. ಶೋರೂಂ ಬೆಲೆಯಿಂದ ಆರು ತಿಂಗಳೊಳಗೆ 5%, ಒಂದು ವರ್ಷದೊಳಗೆ 15%, ಎರಡಕ್ಕೆ 20%, ಮೂರಕ್ಕೆ 30%, ನಾಲ್ಕಕ್ಕೆ 40%, ಐದಕ್ಕೆ 50% ಕಳೆಯುತ್ತಾರೆ. ಸಣ್ಣ ಕಾರಿಗೂ ಅದೇ ಕೋಷ್ಟಕ, ಫೆರಾರಿಗೂ ಅದೇ. ಐದು ವರ್ಷ ದಾಟಿದರೆ ನೀವೂ ಕಂಪನಿಯೂ ಮಾತಾಡಿ ಒಪ್ಪಿಕೊಂಡ ಮೊತ್ತ. ಪ್ರೀಮಿಯಂ ಉಳಿಸಲು ಐಡಿವಿ ತಗ್ಗಿಸಿ ಬರೆಸಿಕೊಂಡವರನ್ನು ನಾನು ಎಷ್ಟೋ ಕಂಡಿದ್ದೇನೆ. ಗಾಡಿ ಕಳುವಾದಾಗ ಅದೇ ಮೊತ್ತ ಕೈಗೆ ಬಂದರೆ ಮುಖ ನೋಡಬೇಕು.

ನೀವು ಕೇಳದೆ ಬಿಟ್ಟ ಪ್ರಶ್ನೆ ಇದಕ್ಕಿಂತ ದೊಡ್ಡದು. ಗುದ್ದಿದಾಗ ಪಾರ್ಟ್ಸಿಗೂ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಗಾಡಿ ನಿನ್ನೆಯದಾದರೂ 50%. ಫೈಬರ್ ಗ್ಲಾಸಿಗೆ 30%. ಗಾಜಿಗೆ ಇಲ್ಲ. ಸ್ಪೋರ್ಟ್ಸ್ ಕಾರಿನ ಮೂತಿ ಎಂದರೆ ಬರೀ ಪ್ಲಾಸ್ಟಿಕ್ಕು. 3 ಲಕ್ಷದ ಬಂಪರ್ ಬದಲಿಸಿದರೆ ಒಂದೂವರೆ ನಿಮ್ಮ ಜೇಬಿನದು. ಸವಕಳಿ ಕಳೆಯದೆ ಕೊಡುವ ಝೀರೋ ಡೆಪ್ ವಿಮೆ ಇದ್ದರೆ ಬಚಾವು, ಆದರೆ ಐದಾರು ವರ್ಷ ದಾಟಿದ ಗಾಡಿಗೆ ಎಲ್ಲ ಕಂಪನಿಗಳೂ ಅದನ್ನು ಕೊಡುವುದಿಲ್ಲ. ಗಾಡಿಗೆ ಅಡ್ವಾನ್ಸ್ ಕೊಡುವ ಮುಂಚೆ ವಿಮೆಯವರ ಬಳಿ ಇದೊಂದು ಕೇಳಿ. ಖರೀದಿಸಿದ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಿ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ.

ಪಾಂಡಿಚೇರಿ ನೋಂದಣಿಯ ಫೋರ್ಡ್ ಮಸ್ತಾಂಗ್ ಒಂದು ಇಲ್ಲಿನದಕ್ಕಿಂತ ಏಳೆಂಟು ಲಕ್ಷ ಕಡಿಮೆಗೆ ಸಿಗುತ್ತಿದೆ. ಬ್ರೋಕರ್ "ಹಾಗೇ ಓಡಿಸಿ ಸರ್, ಯಾರೂ ಕೇಳಲ್ಲ" ಅಂತಾನೆ.
— ಎಂ.ಎಸ್., ಮೈಸೂರು

ಯಾರೂ ಕೇಳದೆ ಇರಲು ಅದು ಮೊಪೆಡ್ಡಲ್ಲ. ಐದು ಲೀಟರಿನ ವಿ8 ಎಂಜಿನ್ನು, ಒಂದು ಸಲ ಗುಟುರು ಹಾಕಿದರೆ ಚಾಮುಂಡಿ ಬೆಟ್ಟದ ಮೇಲಿನವರೂ ತಿರುಗಿ ನೋಡುತ್ತಾರೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಸಾರಿಗೆ ಇಲಾಖೆಯವರು ಹೊರರಾಜ್ಯದ ನೋಂದಣಿಯ 30 ದುಬಾರಿ ಕಾರುಗಳನ್ನು ಒಂದೇ ಕಾರ್ಯಾಚರಣೆಯಲ್ಲಿ ಹಿಡಿದರು. ಅದೇ ವರ್ಷದ ಜುಲೈಯಲ್ಲಿ ಮಹಾರಾಷ್ಟ್ರ ನೋಂದಣಿಯ ಕೆಂಪು ಫೆರಾರಿಯೊಂದರಿಂದ ಸುಮಾರು 1 ಕೋಟಿ 41 ಲಕ್ಷ ತೆರಿಗೆ ವಸೂಲಾಯಿತು. ತೆರಿಗೆಯಲ್ಲೇ ಒಂದು ಮನೆ ಬರುತ್ತಿತ್ತು!

ಮೋಟಾರು ವಾಹನ ಕಾಯಿದೆಯ 47ನೇ ಸೆಕ್ಷನ್ ಪ್ರಕಾರ ಹೊರರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವುದಾದರೆ ಇಲ್ಲಿನ ನಂಬರ್ ಪಡೆಯಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಗಾಡಿ ಹಳೆಯದಾದಷ್ಟೂ ತೆರಿಗೆ ಕಡಿಮೆಯಾಗುತ್ತದೆ, ಆದರೆ ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ಅಲ್ಲೇ ಎಲ್ಲರೂ ಮುಗ್ಗರಿಸುವುದು. ಮಸ್ತಾಂಗ್ 2016ರಲ್ಲಿ ಇಲ್ಲಿಗೆ ಬಂದಾಗ ದೆಹಲಿ ಶೋರೂಂ ಬೆಲೆ 65 ಲಕ್ಷ. ಆರ್‌ಟಿಒ ಕಚೇರಿಗೆ ಹೋಗಿ, ಗಾಡಿಯ ಮಾಡೆಲ್ ವರ್ಷ ಹೇಳಿ ಎಷ್ಟಾಗುತ್ತದೆ ಎಂದು ಮೊದಲು ಬರೆಸಿಕೊಳ್ಳಿ. ಆಮೇಲೆ ಆ ಏಳೆಂಟು ಲಕ್ಷ ಎಲ್ಲಿ ಉಳಿಯುತ್ತದೆ ನೋಡೋಣ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರ, ತರುವುದು, ಬ್ಯಾಂಕ್ ಸಾಲವಿದ್ದರೆ ತೀರಿಸಿ ದಾಖಲೆಯಿಂದ ಅದನ್ನು ತೆಗೆಸುವ ಫಾರಂ 35 ಮಾಡಿಸುವುದು ಮಾರುವವರ ಕೆಲಸ ಎಂದು ಕರಾರಿನಲ್ಲೇ ಹಾಕಿಸಿ. ದೆಹಲಿಯಿಂದ ಬರುವ ಅಗ್ಗದ ಗಾಡಿಗಳಿಗೂ ಇದೇ ಉತ್ತರ. ಅಲ್ಲಿ 15 ವರ್ಷ ತುಂಬಿದ ಪೆಟ್ರೋಲ್, 10 ತುಂಬಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಹಾಕಿದ್ದರಿಂದ ಅಂಚಿಗೆ ಬಂದವನ್ನು ದಕ್ಷಿಣಕ್ಕೆ ಸಾಗಹಾಕುತ್ತಾ ಬಂದಿದ್ದಾರೆ.

ಇನ್ನೊಂದು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. ಸರ್ವಿಸ್ ಮುಂದುವರಿದಿದೆ, ಆದರೆ ವಿ8ರ ಬಿಡಿಭಾಗಕ್ಕೆ ಎಷ್ಟು ದಿನ ಕಾಯಬೇಕು ಎಂದು ಈಗಾಗಲೇ ಇಟ್ಟುಕೊಂಡಿರುವ ಒಬ್ಬರನ್ನಾದರೂ ಕೇಳಿ.

ಅಡಿಕೆ ವ್ಯಾಪಾರ. ಆಡಿಟರು ಸ್ಪೋರ್ಟ್ಸ್ ಕಾರನ್ನು ಸಂಸ್ಥೆಯ ಹೆಸರಲ್ಲಿ ತಗೊಂಡರೆ ಸವಕಳಿ ತೋರಿಸಿ ತೆರಿಗೆ ಉಳಿಸಬಹುದು ಅಂತಾರೆ. ಹೌದಾ?
— ಶಿರಸಿ

ಹೌದು, ವರ್ಷಕ್ಕೆ 15%, ಉಳಿದ ಬೆಲೆಯ ಮೇಲೆ. 1 ಕೋಟಿಯ ಗಾಡಿಗೆ ಮೊದಲ ವರ್ಷ 15 ಲಕ್ಷ, ಮರುವರ್ಷ 12 ಲಕ್ಷ 75 ಸಾವಿರ, ಹೀಗೆ ಇಳಿಯುತ್ತದೆ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ. ನೀವು 30% ತೆರಿಗೆ ಕಟ್ಟುವವರಾದರೆ ಮೊದಲ ವರ್ಷ ಉಳಿಯುವುದು ನಾಲ್ಕೂವರೆ ಲಕ್ಷ. ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ವ್ಯಾಪಾರದಲ್ಲಿ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳುವಂತಿಲ್ಲ. ಸ್ವಂತ ಓಡಾಟದ ಪಾಲನ್ನು ಅಧಿಕಾರಿಗಳು ತೆಗೆದುಹಾಕಬಹುದು. ಎರಡು ಸೀಟಿನ ಗಾಡಿಯಲ್ಲಿ ಅಡಿಕೆ ಚೀಲ ಸಾಗಿಸುತ್ತೀರಿ ಅಂತ ಯಾರನ್ನು ನಂಬಿಸುತ್ತೀರಿ? ಆಸೆ ಇದ್ದರೆ ತಗೊಳ್ಳಿ, ತೆರಿಗೆಯನ್ನು ನೆಪ ಮಾಡಬೇಡಿ.

ಎಂಜಿನಿಯರಿಂಗ್ ಓದುತ್ತಿದ್ದೇನೆ. ಕೆಲವು ಸ್ಪೋರ್ಟ್ಸ್ ಕಾರುಗಳ ಬೆಲೆ ಏರುತ್ತದಂತೆ. ಅಂಥದ್ದನ್ನು ಹೂಡಿಕೆಯಾಗಿ ಕೊಳ್ಳಬಹುದಾ ಅಂಕಲ್?
— ತುಮಕೂರು

ತಮ್ಮಾ, ಒಂದು ಕತೆ ಕೇಳು. 2016ರ ಕೊನೆಗೆ ಫೋಕ್ಸ್‌ವ್ಯಾಗನ್ ಪೋಲೋ ಜಿಟಿಐ ತಂದಿತು. ಮೂರೇ ಬಾಗಿಲು, 1.8 ಲೀಟರ್ ಟರ್ಬೋ, 192 ಅಶ್ವಶಕ್ತಿ, ದೇಶಕ್ಕೆಲ್ಲ 99 ಗಾಡಿ. ಬೆಲೆ 25.99 ಲಕ್ಷ. ಪೋಲೋಗೆ 26 ಲಕ್ಷವೇ ಅಂತ ಜನ ನಕ್ಕರು. ಗಾಡಿ ಹೋಗಲಿಲ್ಲ. ಕಂಪನಿ ಬೆಲೆಯನ್ನು 19.99ಕ್ಕೆ ಇಳಿಸಿತು. ಮೊದಲೇ ಕೊಂಡವರ ಆರು ಲಕ್ಷ ಒಂದು ರಾತ್ರಿಯಲ್ಲಿ ಆವಿ. ಇವತ್ತು ಅದೇ ಗಾಡಿಗಾಗಿ ಹುಡುಕುವವರಿದ್ದಾರೆ, ಇಟ್ಟುಕೊಂಡವರು ಕೊಡಲೊಲ್ಲರು. ಆಗ ನಕ್ಕವರಲ್ಲಿ ನಾನೂ ಒಬ್ಬ.

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 2020ರಲ್ಲಿ ಬಂದಾಗ 200 ಗಾಡಿ, 35.99 ಲಕ್ಷ, ಪೂರ್ತಿ ಮಾರಿಹೋಯಿತು. 2025ರ ಅಕ್ಟೋಬರ್‌ನಲ್ಲಿ ಹೊಸ ಆರ್‌ಎಸ್ ಬಂದಾಗ 100 ಗಾಡಿ, 49.99 ಲಕ್ಷ. ಹೊಸದರ ಬೆಲೆ ಮೇಲೆ ಹೋದಾಗ ಹಳೆಯದೂ ಅದರ ಸೆರಗು ಹಿಡಿದು ಮೇಲೇರುತ್ತದೆ. ಹೊಸದು ಇಳಿದರೆ ಹಳೆಯದೂ ಜಾರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಕಾರುಗಳ ಜಿಎಸ್‌ಟಿ ಇಳಿದ ವಾರವೇ ನನಗೆ ಗೊತ್ತಿರುವ ಸೆಕೆಂಡ್ ಹ್ಯಾಂಡ್ ಡೀಲರೊಬ್ಬರು ಗಾಜಿನ ಮೇಲಿನ ಬೆಲೆ ಚೀಟಿಗಳನ್ನೆಲ್ಲ ಕಿತ್ತು ಹೊಸದಾಗಿ ಬರೆಸಿದರು. ಬ್ರಿಟನ್ ಜೊತೆ 2025ರ ಜುಲೈಯಲ್ಲಿ ಆದ ವ್ಯಾಪಾರ ಒಪ್ಪಂದದಲ್ಲಿ ಅಲ್ಲಿಂದ ಬರುವ ಇಂತಿಷ್ಟು ಕಾರುಗಳ ಸುಂಕ ಹಂತಹಂತವಾಗಿ 10%ಕ್ಕೆ ಇಳಿಯುವ ಮಾತಿದೆ. ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಹೂಡಿಕೆ ಅಂತ ಹಳೇ ಸುಂಕದಲ್ಲಿ ಕೊಂಡವರು ಈಗ ಉಗುರು ಕಚ್ಚುತ್ತಿದ್ದಾರೆ. ಮೊದಲು ಡಿಗ್ರಿ ಮುಗಿಸು.

ಹದಿನಾಲ್ಕು ವರ್ಷದಿಂದ ಟೆಕ್ಸಸ್‌ನಲ್ಲಿದ್ದೇವೆ. ಮುಂದಿನ ವರ್ಷ ಮೈಸೂರಿಗೆ ವಾಪಸು. ಇಲ್ಲಿ ಸ್ಪೋರ್ಟ್ಸ್ ಕಾರು ಅಗ್ಗ, ಒಂದು ಕೊಂಡು ಜೊತೆಗೆ ತರಬಹುದೇ?
— ಡಲ್ಲಾಸ್‌ನಿಂದ ಓದುಗರು

ತರಲಾಗುವುದಿಲ್ಲ. ಬಳಸಿದ ಕಾರನ್ನು ತರಬೇಕಾದರೆ ಸ್ಟೀರಿಂಗ್ ಬಲಗಡೆ ಇರಬೇಕು, ಗಾಡಿಗೆ ಮೂರು ವರ್ಷ ಮೀರಿರಬಾರದು. ನಿಮ್ಮ ಕಡೆಯದರ ಸ್ಟೀರಿಂಗ್ ಎಡಕ್ಕೆ.

ಆದರೆ ಅಲ್ಲಿರುವ ಒಂದು ವರ್ಷ ದಂಡ ಮಾಡಿಕೊಳ್ಳಬೇಡಿ. ಟೆಕ್ಸಸ್‌ನಲ್ಲಿ ಗಾಡಿ ಮೇಲಿನ ಮಾರಾಟ ತೆರಿಗೆ 6.25%. ನಾವು ಇಲ್ಲಿ ಕಟ್ಟುವ ತೆರಿಗೆಯ ಗುಡ್ಡವೇ ಇಲ್ಲ, ಹಾಗಾಗಿ ಮಾರುವಾಗ ಕಳೆದುಕೊಳ್ಳುವುದೂ ಕಮ್ಮಿ. ನಾಲ್ಕೈದು ವರ್ಷದ ಮಝ್ದಾ ಎಂಎಕ್ಸ್-5 ಒಂದನ್ನು ಕೊಂಡು, ವರ್ಷವಿಡೀ ಓಡಿಸಿ, ಹೊರಡುವ ತಿಂಗಳು ಮಾರಿ. 1989ರಿಂದ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿರುವ ಗಾಡಿ, ಬಿಡಿಭಾಗಕ್ಕೆ ಅಲ್ಲಿ ಬರವಿಲ್ಲ. ನನಗೆ ಸಿಗದ ಗಾಡಿ ಅದು. ಟಾಪ್ ತೆಗೆದ ಒಂದು ಫೋಟೋ ಕಳಿಸಿದರೆ ಸಂತೋಷ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ನೀವು ಮೊದಲು ಏನು ನೋಡುತ್ತೀರಿ?
— ಹಲವರು

ಸೀಟ್ ಬೆಲ್ಟು. ಎಂಜಿನ್ ಅಲ್ಲ, ಪೇಂಟ್ ಅಲ್ಲ. ಬೆಲ್ಟನ್ನು ಕೊನೆಯವರೆಗೆ, ಸುರುಳಿ ಖಾಲಿಯಾಗುವವರೆಗೆ ಎಳೆಯಿರಿ. ಎಷ್ಟು ತೊಳೆದರೂ ಒಳಗಿನ ಆ ಒಂದಡಿ ಬೆಲ್ಟನ್ನು ಯಾರೂ ತೊಳೆಯುವುದಿಲ್ಲ. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಸರ್ಜಾಪುರ ರಸ್ತೆ ಕಡೆಯ ವಿಲ್ಲಾಗಳಲ್ಲಿ ದುಬಾರಿ ಗಾಡಿಗಳು ಕಿಟಕಿಯವರೆಗೆ ಮುಳುಗಿದ್ದವು. ಆ ತಿಂಗಳು ನಾನು ಗಮ್‌ಬೂಟು ಹಾಕಿಕೊಂಡೇ ಸರ್ವೇ ಮಾಡಿದ್ದು. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಟೋಟಲ್ ಲಾಸ್ ಎಂದು ಬರೆಯುತ್ತೇವೆ, ಮುಳುಗಿದ ಗಾಡಿ ಹರಾಜಿಗೆ ಹೋಗುತ್ತದೆ. ಹರಾಜಿನಲ್ಲಿ ಕೊಂಡವರು ಒಣಗಿಸಿ, ಕಾರ್ಪೆಟ್ ಬದಲಿಸಿ ಮಾರುವುದೂ ಉಂಟು. ಎರಡು ವರ್ಷದ ನಂತರ ಸ್ನೇಹಿತರೊಬ್ಬರಿಗಾಗಿ ಒಂದು ಗಾಡಿ ನೋಡಲು ಹೋದೆ. ಬಿಳಿ ಬಣ್ಣ, ಒಳಗೆ ಮಲ್ಲಿಗೆ ಪರಿಮಳ. ಬೆಲ್ಟ್ ಎಳೆದೆ. ಕಡೆಯ ಗೇಣಿನಲ್ಲಿ, ಸೀರೆಗೆ ಅಂಚು ಹಾಕಿದಷ್ಟು ಅಚ್ಚುಕಟ್ಟಾಗಿ, ಕಂದು ಗೆರೆ. ಆ ಕೆಸರಿನ ಬಣ್ಣ ನನಗೆ ಗುರುತು ಸಿಕ್ಕಿತು.

ಎರಡನೆಯದು, ಗಾಡಿ ಸ್ಟಾರ್ಟ್ ಮಾಡದೆ ಇಡಲು ಹೇಳಿ, ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲು ಹೋಗುತ್ತೇನೆ. ಬಾನೆಟ್ ಮೇಲೆ ಕೈಯಿಟ್ಟರೆ ತಣ್ಣಗಿರಬೇಕು. ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ತಣ್ಣಗಿದ್ದಾಗ ಕೇಳುವ ಸದ್ದನ್ನು ಬಚ್ಚಿಡುತ್ತಿದ್ದಾರೆ ಎಂದರ್ಥ. ಬಾಕ್ಸ್‌ಸ್ಟರ್‌ನಂಥ ಗಾಡಿಗಳಲ್ಲಿ ಎಂಜಿನ್ ಸೀಟಿನ ಹಿಂದಿರುತ್ತದೆ, ಅಲ್ಲಿ ಬಾನೆಟ್ ಮುಟ್ಟಿ ಪ್ರಯೋಜನವಿಲ್ಲ, ಸೈಲೆನ್ಸರ್ ಕೊಳವೆ ಮುಟ್ಟಿ. ಆಮೇಲೆ ಪೇಂಟಿನ ದಪ್ಪ ಅಳೆಯುವ ಮೀಟರು, ಕಂಪ್ಯೂಟರ್ ಸ್ಕ್ಯಾನು, ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಸಾಲ, ಚಲನ್ ಬಾಕಿ. ಇವನ್ನು ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ.

ಅಮ್ಮನಿಗೆ 68. ಸ್ಪೋರ್ಟ್ಸ್ ಕಾರು ತಂದರೆ ಮೊದಲು ಅವರನ್ನು ಧರ್ಮಸ್ಥಳಕ್ಕೆ ಕರೆದೊಯ್ಯುವ ಹರಕೆ ಇದೆ. ಆಗುತ್ತಾ?
— ಎಚ್.ಎನ್., ಹಾಸನ

ಗಾಡಿಗೆ ಆಗುತ್ತದೆ. ಶಿರಾಡಿ ಘಾಟಿಯ ಗುಂಡಿಗಳಲ್ಲಿ ಹುಷಾರು, ಊರೊಳಗಿನ ಹಂಪುಗಳನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಿ. ಅಮ್ಮನಿಗೆ ಆಗುತ್ತದೋ ನೋಡಬೇಕು. ಸೀಟು ನೆಲಕ್ಕೆ ಒಂದು ಗೇಣು ಮೇಲಿರುತ್ತದೆ, ಕೂರುವುದು ಸುಲಭ, ಏಳುವುದು ಕಷ್ಟ. ಟೆಸ್ಟ್ ಡ್ರೈವಿಗೆ ಅವರನ್ನೂ ಕರೆದುಕೊಂಡು ಹೋಗಿ ಮೂರು ಸಲ ಹತ್ತಿಸಿ ಇಳಿಸಿ. ನಮ್ಮಮ್ಮನನ್ನು ನನ್ನ ಗಾಡಿಯಲ್ಲಿ ಮೊದಲ ಸಲ ಕೂರಿಸಿಕೊಂಡು ಬಂದಾಗ ಗೇಟಿನ ಮುಂದೆ ಕೈ ಹಿಡಿದು ಎಬ್ಬಿಸಬೇಕಾಯಿತು. ಎದ್ದು, ಸೆರಗು ಸರಿಮಾಡಿಕೊಂಡು, "ಇಷ್ಟು ದುಡ್ಡು ಕೊಟ್ಟು ನೆಲದ ಮೇಲೆ ಕೂರೋದಾದರೆ ಚಾಪೆ ಸಾಕಿತ್ತಲ್ಲೋ" ಅಂದರು.